ಗುಮಿಹೋ ನಾಯಕಿ, ಕೊರಿಯಾದ ಜೊಸೊನ್ ಅರಸರ ಕಾಲ, ಹದಿಹರೆಯದ ಪ್ರೇಮಕಥೆ: ಡಬ್ಬಿಂಗ್ ಸೀರಿಯಲ್ ಥರ ಓದಿಸಿಕೊಳ್ಳುತ್ತಿದೆ, ಎಲ್ಲಿ ಎಡವಿದೆ?

ಮಸಿಕುಡಿಕೆ:

ಕಾದಂಬರಿ ಕನ್ನಡದಲ್ಲೇ. 21 ಅಧ್ಯಾಯ, ಸುಮಾರು 60 ಸಾವಿರ ಪದ. ಓದುಗರು 15ರಿಂದ 19ರ ವಯಸ್ಸಿನವರು. ಕಥೆ ನಡೆಯುವುದು 1450ರ ಹನ್ಯಾಂಗ್‌ನಲ್ಲಿ, ಅಂದರೆ ಈಗಿನ ಸೋಲ್. ನಾಯಕಿ ಯೊನ್ಹ್ವಾ ಒಂಬತ್ತು ಬಾಲದ ನರಿ, ಗುಮಿಹೋ. ನಾಯಕ ಮುಯೊಂಗ್, ಸತ್ತವರನ್ನು ಕರೆದೊಯ್ಯುವ ಜೊಸುಂಗ್ ಸಾಜಾಗಳ ಕೈಕೆಳಗೆ ಹೊಸದಾಗಿ ಸೇರಿದವನು. ಅವಳ ಹೆಸರು ಅವನ ಪಟ್ಟಿಯಲ್ಲಿ ಬರುತ್ತದೆ, ಇವನು ಕರೆದೊಯ್ಯುವುದಿಲ್ಲ. ಕಥೆಯ ಬೀಜ ಅಷ್ಟೇ.

ತೊಂದರೆ ಮೂರು. 15ನೇ ಅಧ್ಯಾಯ ದಾಟಿದ ಮೇಲೆ ಮಾಯೆಗೆ ಲಗಾಮಿಲ್ಲ, ಯಾರು ಏನು ಬೇಕಾದರೂ ಮಾಡಬಹುದು ಅನ್ನಿಸಿ ಓದುವವರಿಗೆ ಭಯವೇ ಹುಟ್ಟುವುದಿಲ್ಲ. ಮಾತುಕತೆ ಸಬ್‌ಟೈಟಲ್ ಓದಿದ ಹಾಗಿದೆ. ಕಾಲದ ವಿವರದಲ್ಲೂ ತಪ್ಪಿರಬೇಕು. ಒಂದು ತುಣುಕು ಹಾಕಿದ್ದೇನೆ, ಮುಲಾಜಿಲ್ಲದೆ ಕೊಯ್ಯಿರಿ:

“ಬೆಳದಿಂಗಳಲ್ಲಿ ಅವಳ ಒಂಬತ್ತೂ ಬಾಲ ಬಿಚ್ಚಿಕೊಂಡವು. ಕಪ್ಪು ನಿಲುವಂಗಿಯ ಪಾರ್ಕ್ ಮುಯೊಂಗ್ ಕೋಣೆಯ ಒಲೆಯ ಮುಂದೆ ಕೂತು ಸುಟ್ಟ ಗೆಣಸು, ಕೆಂಪು ಕಿಮ್ಚಿ ತಿನ್ನುತ್ತಿದ್ದ. ‘ಅಣ್ಣಾ, ನನ್ನನ್ನು ಬಿಟ್ಟು ಹೋಗಬೇಡ’ ಎಂದಳು ಯೊನ್ಹ್ವಾ. ‘ನಾನು ನಿನ್ನನ್ನು ರಕ್ಷಿಸುತ್ತೇನೆ’ ಎಂದ ಅವನು. ಹೊರಗೆ ಮಧ್ಯರಾತ್ರಿಯ ಬೀದಿಯಲ್ಲಿ ಜನ ಸಂಭ್ರಮದಿಂದ ಓಡಾಡುತ್ತಿದ್ದರು.”

ಹುಲಿಮೀಸೆ:

ಬಾಲ ಆಮೇಲೆ ನೋಡೋಣ. ಮಣಿ ಎಲ್ಲಿ?

ಕೊರಿಯಾದ ನರಿಕಥೆಗಳಲ್ಲಿ ಕಥೆ ತಿರುಗುವುದೇ ಯೊವು ಗುಸುಲ್, ಅಂದರೆ ನರಿಮಣಿಯ ಸುತ್ತ. ಹೆಚ್ಚು ಹರಿದಾಡಿದ ಕಥೆ ಹೀಗಿದೆ. ಬೆಟ್ಟ ದಾಟಿ ಪಾಠಕ್ಕೆ ಹೋಗುವ ಹುಡುಗನಿಗೆ ದಿನಾ ಒಬ್ಬ ಚೆಲುವೆ ಎದುರಾಗುತ್ತಾಳೆ, ತನ್ನ ಬಾಯಿಯ ಮಣಿಯನ್ನು ಅವನ ಬಾಯಿಗೆ ದಾಟಿಸಿ ಮತ್ತೆ ತೆಗೆದುಕೊಳ್ಳುತ್ತಾಳೆ. ಹುಡುಗ ಸೊರಗುತ್ತಾ ಹೋಗುತ್ತಾನೆ. ಮೇಷ್ಟರು ಉಪಾಯ ಹೇಳಿಕೊಡುತ್ತಾರೆ: ಮಣಿ ನುಂಗು, ನುಂಗಿದ ಕೂಡಲೇ ಮೊದಲು ಆಕಾಶ ನೋಡು, ಆಮೇಲೆ ನೆಲ ನೋಡು. ಅವನು ನುಂಗುತ್ತಾನೆ, ಗಾಬರಿಯಲ್ಲಿ ನೆಲ ಮಾತ್ರ ನೋಡುತ್ತಾನೆ. ನೆಲಕ್ಕೆ ಸಂಬಂಧಿಸಿದ ವಿದ್ಯೆಯೆಲ್ಲ ಬಂತು, ಆಕಾಶದ್ದು ಬರಲಿಲ್ಲ.

ಈ ಕಥೆಯಿಂದ ನೀವು ಎತ್ತಿಕೊಳ್ಳಬೇಕಾದದ್ದು ನರಿಯನ್ನಲ್ಲ, ಷರತ್ತನ್ನು. ಮಣಿ ಒಂದೇ. ಅದು ಇವನ ಬಳಿ ಇದ್ದರೆ ಇವನಿಗೆ ತಿಳಿವು, ಅವಳಿಗೆ ನಷ್ಟ. ನಾಲ್ಕು ಕಾಲಮಿನ ಒಂದು ಹಾಳೆ ಮಾಡಿಕೊಳ್ಳಿ: ಅಧ್ಯಾಯ, ಮಣಿ ಯಾರ ಬಳಿ, ಅವಳು ಕಳೆದುಕೊಂಡದ್ದು, ಅವನಿಗೆ ಗೊತ್ತಾದದ್ದು. ಇಡೀ ಪುಸ್ತಕದಲ್ಲಿ ಮಣಿ ನಾಲ್ಕೇ ಸಲ ಕೈ ಬದಲಾಯಿಸಲಿ. ಮೊದಲ ಸಲ ಅವಳ ಮೂಗು ಹೋಗಲಿ (ನರಿಗೆ ಅದಕ್ಕಿಂತ ದೊಡ್ಡ ಪೆಟ್ಟಿಲ್ಲ), ಎರಡನೇ ಸಲ ಕತ್ತಲಲ್ಲಿ ಕಾಣುವ ಕಣ್ಣು. ಹೋದದ್ದು ತಿರುಗಿ ಬರಬಾರದು. 15ನೇ ಅಧ್ಯಾಯದ ಹೊತ್ತಿಗೆ ಅವಳ ಬಳಿ ಖರ್ಚು ಮಾಡಲು ಏನೂ ಉಳಿದಿರುವುದಿಲ್ಲ, ಭಯ ತಾನಾಗಿ ಬರುತ್ತದೆ. ನಿಮ್ಮ ಓದುಗರ ವಯಸ್ಸಿಗೆ ಬಾಯಿಂದ ಬಾಯಿಗೆ ಬೇಡ, ಅಂಗೈಯಿಂದ ಅಂಗೈಗೆ ಸಾಕು. ಅದೂ ಅವಳಾಗಿ ಕೊಟ್ಟರೆ ಮಾತ್ರ ಮಣಿ ಕೆಲಸ ಮಾಡಲಿ, ಕಸಿದುಕೊಂಡರೆ ಬರೀ ಕಲ್ಲು.

ಮನುಷ್ಯಳಾಗುವ ಆಸೆ ಅವಳಿಗಿದ್ದರೆ ಅದಕ್ಕೂ ಅಳತೆ ಇರಲಿ. ಕೊರಿಯನ್ನರ ಮೂಲಪುರುಷ ದಾಂಗುನ್‌ನ ಪುರಾಣದಲ್ಲಿ ಕರಡಿಗೂ ಹುಲಿಗೂ ಕೊಟ್ಟದ್ದು 20 ಬೆಳ್ಳುಳ್ಳಿ, ಒಂದು ಕಟ್ಟು ಮಾಚಿಪತ್ರೆ ಜಾತಿಯ ಸೊಪ್ಪು, 100 ದಿನ ಬಿಸಿಲು ಕಾಣಬಾರದೆಂಬ ಕಟ್ಟಳೆ. ಕರಡಿ 21ನೇ ದಿನಕ್ಕೆ ಹೆಣ್ಣಾಯಿತು, ಹುಲಿ ತಡೆಯಲಾರದೆ ಎದ್ದುಹೋಯಿತು. ಎಷ್ಟು, ಎಷ್ಟು ದಿನ, ಏನು ಮಾಡಬಾರದು: ಮೂರೂ ಸ್ಪಷ್ಟ. ನಿಮ್ಮ ಡ್ರಾಫ್ಟಿನಲ್ಲಿ ಒಂದೂ ಇಲ್ಲ.

ಇನ್ನು ಗಡುವು. ಸತ್ತ ಮೇಲೆ 49 ದಿನ, ಏಳು ದಿನಕ್ಕೊಂದು ವಿಚಾರಣೆ. ಸತ್ತವರನ್ನು ವಿಚಾರಿಸುವ ಪರಲೋಕದ ಹತ್ತು ರಾಜರ ಪೈಕಿ ಮೊದಲ ಏಳು ಜನ ಈ 49 ದಿನದೊಳಗೆ ಬರುತ್ತಾರೆ, ಉಳಿದ ಮೂವರು 100ನೇ ದಿನ, ವರ್ಷ, ಮೂರನೇ ವರ್ಷಕ್ಕೆ. ಐದನೆಯವನು ಯೊಮ್ರಾ, ಅವನ ಸರದಿ 35ನೇ ದಿನ. ಯೊಮ್ರಾ ಅಂದರೆ ನಮ್ಮ ಯಮನೇ, ಬೌದ್ಧರ ಜೊತೆ ಚೀನಾ ದಾಟಿ ಹೋದವನು. ಆದರೆ ಅಲ್ಲಿ ಹತ್ತರಲ್ಲಿ ಒಬ್ಬ ನ್ಯಾಯಾಧೀಶ, ದಯವಿಟ್ಟು ಕೋಣದ ಮೇಲೆ ಕೂರಿಸಬೇಡಿ. ನಿಮ್ಮದು 21 ಅಧ್ಯಾಯ: ಏಳು ವಾರ, ವಾರಕ್ಕೆ ಮೂರು. ಯೊಮ್ರಾ 15ನೇ ಅಧ್ಯಾಯಕ್ಕೆ ಸರಿಯಾಗಿ ಬರುತ್ತಾನೆ, ಕಥೆ ಜೋಲು ಬೀಳುವ ಜಾಗವೂ ಅದೇ.

ಬದುಕಿರುವವಳ ಹೆಸರು ಪಟ್ಟಿಯಲ್ಲಿ ಯಾಕೆ ಬಂತು? ಇದಕ್ಕೆ ಜೇಜು ದ್ವೀಪದ ಛಾಸಾ ಬೊನ್‌ಪುರಿ ಎಂಬ ಪುರಾಣಗೀತೆಯಲ್ಲಿ ತಯಾರು ಉತ್ತರ ಇದೆ. ಸಾವಿನ ದೂತ ಗಾಂಗ್ನಿಮ್ ತನ್ನ ಪಟ್ಟಿಯನ್ನು ಕಾಗೆಯ ಕೈಗೆ ಕೊಡುತ್ತಾನೆ. ಕಾಗೆ ದಾರಿಯಲ್ಲಿ ಕುದುರೆ ಮಾಂಸ ಕಂಡು ಇಳಿಯುತ್ತದೆ, ಪಟ್ಟಿ ಕಳೆದುಹೋಗುತ್ತದೆ, ಅದು ಬಾಯಿಗೆ ಬಂದ ಹಾಗೆ ಕೂಗಿಬಿಡುತ್ತದೆ. ವಯಸ್ಸಿನ ಸರದಿಯಂತೆ ಬರಬೇಕಾಗಿದ್ದ ಸಾವು ಅವತ್ತಿನಿಂದ ಹಿಂದುಮುಂದಾಯಿತು. ಸಾವಿನ ಮನೆಗೂ ಕಾಗೆಗೂ ಏನು ಸಂಬಂಧ ಅಂತ ಕನ್ನಡದ ಓದುಗರಿಗೆ ನೀವು ವಿವರಿಸಬೇಕಾಗಿಲ್ಲ, ಆ ಲಾಭ ಬಿಡಬೇಡಿ.

ಮಾದರಿ ಬೇಕಿದ್ದರೆ 13ನೇ ಶತಮಾನದಲ್ಲಿ ಇರ್ಯೊನ್ ಎಂಬ ಭಿಕ್ಷು ಸಂಗ್ರಹಿಸಿದ ಸಾಮ್‌ಗುಕ್ ಯುಸಾದಲ್ಲಿ ಕಿಮ್ ಹ್ಯೊನ್ ಮತ್ತು ಹುಲಿ ಹುಡುಗಿಯ ಕಥೆ ಓದಿ.

ಬಿದಿರುಮೆಳೆ:

ಮಾತಿನ ವಿಷಯ ನನಗಿರಲಿ.

“ಅಣ್ಣಾ” ಅಂದ ಕೂಡಲೇ ಪ್ರೇಮಕಥೆ ಅಲ್ಲಿಗೆ ಮುಗಿಯಿತು. ಕೊರಿಯನ್ ಹುಡುಗಿಯರು ಅಣ್ಣನಿಗೆ ಹೇಳುವ ಒಪ್ಪಾ ಎಂಬುದನ್ನು ಪ್ರಿಯಕರನಿಗೆ ಬಳಸುವುದು ಈ ಕಾಲದ ರೂಢಿ. 15ನೇ ಶತಮಾನದಲ್ಲಿ ಮದುವೆಯಾಗದ ದೊಡ್ಡಮನೆ ಹುಡುಗನಿಗೆ ದೊರ್ಯೊಂಗ್‌ನಿಮ್ ಸರಿಹೋಗುತ್ತದೆ. ಅಧಿಕಾರದಲ್ಲಿರುವವನಿಗೆ ಅಲ್ಲಿ ಹೇಳುವುದು ನಾರಿ, ಅದನ್ನು ಹಾಗೇ ಬರೆದರೆ ನಿಮ್ಮ ನಾಯಕ ಹೆಂಗಸಾಗುತ್ತಾನೆ. ದೊಡ್ಡಮನೆ ಹುಡುಗಿಗೆ ಅಗಸ್ಸಿ, ಅದನ್ನು ಉತ್ತರ ಕರ್ನಾಟಕದವರು ಊರಬಾಗಿಲು ಅಂತ ಓದಿಕೊಳ್ಳುತ್ತಾರೆ. ಇಂಥ ಕಡೆ ‘ಧಣಿ’, ‘ಅಮ್ಮಾವ್ರೇ’ ಥರದ ನಮ್ಮ ಮಾತೇ ವಾಸಿ. ದೊರ್ಯೊಂಗ್‌ನಿಮ್ ಒಂದನ್ನು ಮಾತ್ರ ಉಳಿಸಿಕೊಳ್ಳಿ, ಮೂರನೇ ಸಲಕ್ಕೆ ಓದುಗರಿಗೆ ಅಭ್ಯಾಸವಾಗಿರುತ್ತದೆ.

ನಿಜವಾದ ಆಸ್ತಿ ಬೇರೆ ಇದೆ. ಕೊರಿಯನ್ನರಲ್ಲಿ ಗೌರವ ಕ್ರಿಯಾಪದದ ಕೊನೆಯಲ್ಲಿ ಕೂತಿರುತ್ತದೆ, ಕನ್ನಡದಲ್ಲೂ ಹಾಗೇ: ಬನ್ನಿ, ಬಾ. ಇಂಗ್ಲಿಷಿನಲ್ಲಿ ಬರೆಯುವವರು ಇದಕ್ಕೆ ಅರ್ಧ ಪುಟ ವಿವರಣೆ ಕೊಡಬೇಕು, ನಿಮಗೆ ಒಂದು ಅಕ್ಷರ ಸಾಕು. ಈ ತುಣುಕಿನಲ್ಲಿ ಇಬ್ಬರೂ ಆಗಲೇ ಏಕವಚನಕ್ಕೆ ಇಳಿದಿದ್ದಾರೆ, ಅಂದರೆ ಆಸ್ತಿ ಖರ್ಚಾಗಿದೆ. 1ರಿಂದ 12ರವರೆಗೆ ಇಬ್ಬರೂ ‘ನೀವು’ ಅನ್ನಲಿ. ಅವನು ಸತ್ತವರನ್ನೆಲ್ಲ ‘ಏಳು, ನಡಿ’ ಅಂತ ಏಕವಚನದಲ್ಲೇ ಕರೆಯುವವನು, ಅವಳಿಗೆ ಮಾತ್ರ ‘ಬನ್ನಿ’ ಅನ್ನುತ್ತಾನೆ. ಹಾಗಿದ್ದಾಗ ಅವನು ‘ನೀನು’ ಅಂದ ದಿನ ಅದು ಪ್ರೀತಿಯೋ, ಕೆಲಸಕ್ಕೆ ಬಂದದ್ದೋ ಎಂಬ ಅನುಮಾನ ಹುಟ್ಟುತ್ತದೆ. ‘ರಕ್ಷಿಸುತ್ತೇನೆ’ ಹೊಡೆದುಹಾಕಿ. ಯಾವ ಹುಡುಗನೂ ಹಾಗೆ ಮಾತಾಡುವುದಿಲ್ಲ.

ಹೆಸರುಗಳು. ‘ಪಾರ್ಕ್’ನಲ್ಲಿರುವ ರ್ ಕೊರಿಯನ್ನಿನಲ್ಲಿ ಇಲ್ಲವೇ ಇಲ್ಲ, ರೋಮನ್ ಲಿಪಿಯಿಂದ ಅಂಟಿಕೊಂಡು ಬಂದದ್ದು. ಬಾಕ್ ಅಥವಾ ಪಾಕ್, ಒಂದನ್ನು ಹಿಡಿದು ಬಿಡಬೇಡಿ. ಹಾಗೆಯೇ ‘ಲೀ’ ಅಲ್ಲಿ ಬರೀ ‘ಇ’. ನಮ್ಮ ಲಿಪಿಯಲ್ಲಿಲ್ಲದ ಸ್ವರ ಮುಖ್ಯವಾಗಿ ಎರಡು. ಅ-ಒ ನಡುವಿನದಕ್ಕೆ ಒ, ತುಟಿ ಹಿಗ್ಗಿಸಿ ಹೇಳುವ ಉಕಾರಕ್ಕೆ ಉ ಅಂತ ಮೊದಲೇ ನಿರ್ಧರಿಸಿ, ಎಲ್ಲ ಹೆಸರನ್ನೂ ಒಂದು ಪಟ್ಟಿ ಮಾಡಿ ಹಾಳೆಯನ್ನು ಎದುರಿಗೆ ಅಂಟಿಸಿಕೊಳ್ಳಿ. ಇಲ್ಲದಿದ್ದರೆ 3ನೇ ಅಧ್ಯಾಯದ ಜೊಸೊನ್ 9ರಲ್ಲಿ ಜೋಸನ್ ಆಗಿ, 14ರಲ್ಲಿ ಚೋಸುನ್ ಆಗಿರುತ್ತದೆ. ಯೊನ್ಹ್ವಾ ಕೂಡ ಬೇಡ: ಮೂರು ವ್ಯಂಜನದ ಒತ್ತು, ಪ್ರತಿ ಪುಟದಲ್ಲೂ ಕಣ್ಣು ಎಡವುತ್ತದೆ. ಇಬ್ಬನಿಗೆ ಅಲ್ಲಿ ಇಸುಲ್ ಅನ್ನುತ್ತಾರೆ. ಹಾಗೇ ಕರೆಯಿರಿ.

ಗುಮಿಹೋಗೆ ಮೋಹಿನಿ, ಅಲ್ಲಿಯ ತುಂಟ ಭೂತ ದೊಕ್ಕೆಬಿಗೆ ಬ್ರಹ್ಮರಾಕ್ಷಸ ಅಂತ ಹಾಕುವ ಆಸೆ ಬರುತ್ತದೆ. ಹಾಕಿದರೆ ಅವರ ಕಥೆಯೆಲ್ಲ ಕೂಡ ಬರುತ್ತದೆ, ನಿಮ್ಮದು ಹೊರಟುಹೋಗುತ್ತದೆ.

ಒಲೆಪಕ್ಕ:

ತುಣುಕಿನ ತಪ್ಪುಗಳು, ಕಣ್ಣಿಗೆ ಬಿದ್ದ ಕ್ರಮದಲ್ಲಿ.

ಕೆಂಪು ಕಿಮ್ಚಿ. ಮೆಣಸಿನಕಾಯಿ ಅಮೆರಿಕ ಖಂಡದ್ದು, ಕೊರಿಯಾದಲ್ಲಿ ಕಾಣಿಸಿಕೊಂಡದ್ದು 1592ರ ಜಪಾನ್ ಯುದ್ಧದ ಆಸುಪಾಸಿನಲ್ಲಿ. 1450ರಲ್ಲಿ ವಿಜಯನಗರದ ಅಡುಗೆಮನೆಯಲ್ಲೇ ಮೆಣಸಿನಕಾಯಿ ಇರಲಿಲ್ಲ, ಹನ್ಯಾಂಗ್‌ನಲ್ಲಿ ಎಲ್ಲಿಂದ ಬರಬೇಕು? ಉಪ್ಪುನೀರಿನ ಮೂಲಂಗಿ ಕೊಡಿ, ಬಿಳಿಯದು. ಗೆಣಸು ಬಂದದ್ದು 1763ರಲ್ಲಿ, ತ್ಸುಶಿಮಾ ದ್ವೀಪದಿಂದ. ಬದಲಿಗೆ ಸುಟ್ಟ ಚೆಸ್ಟ್‌ನಟ್ ಇಡಿ. ಹೊಗೆಸೊಪ್ಪು 17ನೇ ಶತಮಾನದ ಆರಂಭದ್ದು. ನಮ್ಮ ‘ಒಂದಾನೊಂದು ಕಾಲದಲ್ಲಿ’ಗೆ ಅವರು ‘ಹುಲಿ ಚುಟ್ಟಾ ಸೇದುತ್ತಿದ್ದ ಕಾಲದಲ್ಲಿ’ ಅನ್ನುತ್ತಾರೆ. ಅದನ್ನು ನಿರೂಪಕರ ಬಾಯಲ್ಲಿ ಇಡಬಹುದು, ಪಾತ್ರದ ಬಾಯಲ್ಲಿ ಇಟ್ಟರೆ ಸಿಕ್ಕಿಬೀಳುತ್ತೀರಿ.

ಕೋಣೆಯಲ್ಲಿ ಒಲೆ. ಓಂದೊಲ್ ವ್ಯವಸ್ಥೆಯಲ್ಲಿ ಬೆಂಕಿ ಹಾಕುವುದು ಹೊರಗಡೆ ಅಥವಾ ಅಡುಗೆಮನೆಯ ಬಾಯಿಯಲ್ಲಿ. ಬಿಸಿ ಹೊಗೆ ನೆಲದ ಚಪ್ಪಡಿಗಳ ಕೆಳಗೆ ಹಾದು ಆಚೆ ಕಡೆಯ ಚಿಮಣಿಯಿಂದ ಹೋಗುತ್ತದೆ. ಕೋಣೆಯೊಳಗೆ ಬೆಚ್ಚಗಿರುವುದು ನೆಲ, ಅದೂ ಬೆಂಕಿಬಾಯಿಗೆ ಹತ್ತಿರದ ಮೂಲೆ ಎಲ್ಲಕ್ಕಿಂತ ಬಿಸಿ. ಅದರ ಹೆಸರು ಆರೆನ್‌ಮೋಕ್, ಹಿರಿಯರಿಗೆ, ಅತಿಥಿಗೆ ಬಿಡುವ ಜಾಗ. ಜನವರಿಯ ರಾತ್ರಿ ಇಬ್ಬರಲ್ಲಿ ಯಾರು ಆ ಮೂಲೆ ಬಿಟ್ಟುಕೊಟ್ಟರು ಅಂತ ಬರೆದರೆ ಅರ್ಧ ಪ್ರೇಮ ಅಲ್ಲೇ ಆಯಿತು.

ಮಧ್ಯರಾತ್ರಿಯ ಸಂಭ್ರಮ. ಆಗಲೇ ಇಲ್ಲ. ರಾತ್ರಿ ಸುಮಾರು ಹತ್ತಕ್ಕೆ ಗಂಟೆ 28 ಸಲ ಹೊಡೆದರೆ ಊರಬಾಗಿಲು ಮುಚ್ಚಿತು. ಬೆಳಗಿನ ನಾಲ್ಕರ ಹೊತ್ತಿಗೆ 33 ಸಲ ಹೊಡೆದಾಗ ತೆರೆಯುತ್ತದೆ. ನಡುವೆ ಬೀದಿಯಲ್ಲಿ ಸಿಕ್ಕವರನ್ನು ಕಾವಲಿನವರು ಹಿಡಿಯುತ್ತಾರೆ.

ಕಪ್ಪು ನಿಲುವಂಗಿ, ಕಪ್ಪು ಟೋಪಿಯ ಸಾಜಾ ಟಿವಿ ಹರಡಿದ ರೂಪ. ಹಳೆಯ ಬೌದ್ಧ ಚಿತ್ರಗಳಲ್ಲಿ ಅವರು ಬಣ್ಣದ ಉಡುಪಿನ ಆಳುಗಳು, ಪಕ್ಕದಲ್ಲಿ ಕುದುರೆ. ಬರುವುದೂ ಸಾಮಾನ್ಯವಾಗಿ ಮೂವರು. ಸಾವಿನ ಮನೆಯವರು ಬಾಗಿಲಾಚೆ ಮೂರು ಬಟ್ಟಲು ಅನ್ನ, ಮೂರು ಜೊತೆ ಹುಲ್ಲಿನ ಚಪ್ಪಲಿ, ಒಂದಿಷ್ಟು ಕಾಸು ಇಡುತ್ತಿದ್ದರು. ಮುಯೊಂಗ್ ಹೊಸಬ ಅಂದಿರಿ. ಮೂರನೇ ಜೊತೆ ಚಪ್ಪಲಿ ಅವನ ಕಾಲಿಗೆ ದೊಡ್ಡದಾಗಲಿ. ಅದೇ ಹೊತ್ತಿಗೆ ಮನೆಯವರೊಬ್ಬರು ಸತ್ತವರ ಮೇಲಂಗಿ ಹಿಡಿದು ಸೂರು ಹತ್ತಿ, ಉತ್ತರಕ್ಕೆ ಮುಖ ಮಾಡಿ ಮೂರು ಸಲ ಹೆಸರು ಕೂಗುತ್ತಾರೆ, ಜೀವ ಮರಳಲಿ ಅಂತ. ಸಾಜಾ ಮೂರು ಸಲ ಹೆಸರು ಹಿಡಿದು ಕರೆದರೆ ಹೋಗಲೇಬೇಕು ಎಂಬ ನಂಬಿಕೆಯೂ ಉಂಟು. ವಾಪಸು ಕರೆಯಲೂ ಮೂರು, ಕರೆದೊಯ್ಯಲೂ ಮೂರು. ಈ ಜೋಡಿಯನ್ನು ಕೈಬಿಡಬೇಡಿ.

ಇಸವಿ. 1450 ಸೆಜೊಂಗ್ ದೊರೆ ಸತ್ತ ವರ್ಷ. ಊರೆಲ್ಲ ಶೋಕದಲ್ಲಿರುವಾಗ ನಿಮ್ಮ ಹಬ್ಬದ ದೃಶ್ಯ ನಡೆಯುವುದಿಲ್ಲ. 1448ಕ್ಕೆ ಹಿಂದೆ ತನ್ನಿ. ಅವನು ಕೊರಿಯನ್ ಭಾಷೆಗೆ ಹೊಸ ಲಿಪಿ ಸಾರಿದ್ದು 1446ರಲ್ಲಿ, 28 ಅಕ್ಷರ. ಜಾಣನಿಗೆ ಬೆಳಗು ಮುಗಿಯುವುದರೊಳಗೆ, ದಡ್ಡನಿಗೂ ಹತ್ತು ದಿನದಲ್ಲಿ ಬರುತ್ತದೆ ಅಂತ ಅದರ ವಿವರಣಾ ಗ್ರಂಥದಲ್ಲೇ ಇದೆ. ನರಿ ಎಷ್ಟು ದಿನ ತೆಗೆದುಕೊಂಡಿತು ಅನ್ನುವುದು ನಿಮಗೆ ಬಿಟ್ಟದ್ದು. ಪ್ರೇಮಪತ್ರ ಈ ಲಿಪಿಯಲ್ಲಿರಲಿ. ಅವನು ಹಳಬರ ಚೀನೀ ಅಕ್ಷರ ಮಾತ್ರ ಬಲ್ಲವನಾದರೆ ಓದಲಾರ, ಅದೂ ಒಂದು ಅಧ್ಯಾಯ.

ಹಬ್ಬ ಬೇಕಿದ್ದರೆ ದಾನೊ, ಚಾಂದ್ರಮಾನದ ಐದನೇ ತಿಂಗಳ ಐದನೇ ದಿನ. ಹೆಣ್ಣುಮಕ್ಕಳು ಉಯ್ಯಾಲೆ ಆಡುತ್ತಾರೆ, ಛಾಂಗ್ಪೊ ಕುದಿಸಿದ ನೀರಲ್ಲಿ ತಲೆ ತೊಳೆಯುತ್ತಾರೆ. ಛಾಂಗ್ಪೊ ಅಂದರೆ ನಮ್ಮ ಬಜೆ. ‘ವಿಲಕ್ಷಣ ಪರಿಮಳ’ ಅಂತೆಲ್ಲ ಬರೆಯದೆ ಬಜೆ ಅಂದುಬಿಡಿ, ಕೂಸಿಗೆ ಬಜೆ ತೇಯ್ದು ನೆಕ್ಕಿಸಿದ ಮನೆಗಳಿಗೆಲ್ಲ ಆ ವಾಸನೆ ಗೊತ್ತು.

ಮಸಿಕುಡಿಕೆ:

ಮಣಿಯ ಹಾಳೆ, 49 ದಿನ, 1448, ಎಲ್ಲ ಒಪ್ಪಿದೆ. ಇನ್ನೆರಡು ಕೇಳಬೇಕು. ನಗಿಸಲು ಒಂದು ದೊಕ್ಕೆಬಿ ಇದೆ, ತಲೆ ಮೇಲೆ ಕೊಂಬು, ಕೈಯಲ್ಲಿ ಮುಳ್ಳುಗದೆ. ಸರಿಯೇ? ಮತ್ತೆ ಇಸುಲ್‌ಗೆ 500 ವರ್ಷ, ಅವನಿಗೆ 18. ಇದು ಕಿರಿಕಿರಿ ಅಂತ ಇಬ್ಬರು ಓದುಗರು ಹೇಳಿದರು.

ಕಡಲಂಚು:

ಕಿರಿಕಿರಿ ಸರಿಯಾಗೇ ಇದೆ. 500 ತೆಗೆಯಿರಿ. ಮಣಿ 500 ವರ್ಷದ್ದಾಗಲಿ, ತಾಯಿಯಿಂದ ಮಗಳಿಗೆ ಬಂದದ್ದು, ಹುಡುಗಿ 17ರವಳೇ. ವಯಸ್ಸು ಬರೆಯುವಾಗ ಒಂದು ಎಚ್ಚರ: ಹಳೆಯ ಕೊರಿಯನ್ ಲೆಕ್ಕದಲ್ಲಿ ಹುಟ್ಟಿದಾಗಲೇ ಒಂದು, ಹೊಸ ವರ್ಷಕ್ಕೆ ಇನ್ನೊಂದು. ಅಲ್ಲಿಯ ‘17’ ನಮ್ಮಲ್ಲಿ 15 ಆಗಿಬಿಡಬಹುದು. ನಿರೂಪಣೆಯಲ್ಲಿ ನಮ್ಮ ಲೆಕ್ಕವನ್ನೇ ಇಟ್ಟುಕೊಳ್ಳಿ.

ಕೊಂಬು ಬೇಡ. ಅದು ಜಪಾನಿನ ಓನಿ ಎಂಬ ರಾಕ್ಷಸನ ರೂಪ, ಜಪಾನ್ ಆಳ್ವಿಕೆಯ ಕಾಲದ ಪಠ್ಯಪುಸ್ತಕದ ಚಿತ್ರಗಳಿಂದ ಬೆರೆತದ್ದು ಅಂತ ಅಲ್ಲಿಯ ಜಾನಪದ ವಿದ್ವಾಂಸರಲ್ಲಿ ಹಲವರ ವಾದ. ಕಥೆಗಳಲ್ಲಿ ದೊಕ್ಕೆಬಿ ಹುಟ್ಟುವುದು ಹಳೆಯ ಪೊರಕೆ, ಒನಕೆ ಥರದ ಬಳಸಿ ಬಿಟ್ಟ ಸಾಮಾನಿನಿಂದ, ಅದರಲ್ಲೂ ರಕ್ತ ತಗುಲಿದ್ದರೆ. ರಾತ್ರಿಯೆಲ್ಲ ಅದರ ಜೊತೆ ಕುಸ್ತಿ ಹಿಡಿದವನು ಗೆದ್ದು ಮರಕ್ಕೆ ಕಟ್ಟಿ ಹೋಗುತ್ತಾನೆ, ಬೆಳಗ್ಗೆ ಬಂದು ನೋಡಿದರೆ ಪೊರಕೆ. ಅದರ ಮರೆವು ಇನ್ನೂ ಚಂದ: ಸಾಲ ತೀರಿಸಿದ್ದು ಮರೆತು ದಿನಾ ರಾತ್ರಿ ಬಂದು ಮತ್ತೆ ಮತ್ತೆ ಅದೇ ದುಡ್ಡು ಕೊಟ್ಟು ಹೋಗುತ್ತದೆ. ನಗಿಸಲು ಇಷ್ಟು ಸಾಕು.

ಅದನ್ನು ಕರೆಯಲು ಮೆಮಿಲ್‌ಮುಕ್, ಬಕ್‌ವೀಟ್ ಹಿಟ್ಟಿನ ಗಟ್ಟಿ. ಒಂದು ಲೋಟ ಬಕ್‌ವೀಟ್ ಗಂಜಿಪುಡಿಗೆ ಐದಾರು ಲೋಟ ನೀರು, ಚಿಟಿಕೆ ಉಪ್ಪು. ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿ, ಗುಳ್ಳೆ ‘ಪೊಳಕ್’ ಅಂದಮೇಲೂ ಹತ್ತು ನಿಮಿಷ. ತಿರುವುವುದು ನಿಂತರೆ ತಳ ಹಿಡಿದು ಗಂಟು, ನೀರು ಹೆಚ್ಚಾದರೆ ಕತ್ತರಿಸಲು ಬರುವುದಿಲ್ಲ. ತಟ್ಟೆಗೆ ಸುರಿದು ಮೂರ್ನಾಲ್ಕು ಗಂಟೆ ಬಿಟ್ಟರೆ ನಮ್ಮ ಹಾಲುಬಾಯಿ ಥರ ನಿಲ್ಲುತ್ತದೆ, ಸಿಹಿ ಮಾತ್ರ ಇಲ್ಲ. ಸೋಯಾ ಸಾಸು, ಎಳ್ಳೆಣ್ಣೆ ಹಾಕಿ ತಿನ್ನುತ್ತಾರೆ.

ಹುಲಿಮೀಸೆ ಅವರ ಜೊತೆ ಒಂದು ತಕರಾರು. ಕಿಮ್ ಹ್ಯೊನ್ ಕಥೆ ಎಷ್ಟೇ ಸುಂದರವಾಗಿದ್ದರೂ ಈ ಪುಸ್ತಕಕ್ಕೆ ಮಾದರಿಯಲ್ಲ. ಎರಡನೇ ತಿಂಗಳ 8ರಿಂದ 15ರವರೆಗೆ ಹುಂಗ್ನ್ಯುನ್ ಗುಡಿಯ ಗೋಪುರ ಸುತ್ತುವಾಗ ಇಬ್ಬರೂ ಸಿಗುತ್ತಾರೆ, ಸರಿ. ಕೊನೆಗೆ ಅವನಿಗೆ ಪದವಿ ಸಿಗಲಿ ಅಂತ ಹುಲಿ ಹುಡುಗಿ ಅವನದೇ ಕತ್ತಿಯಿಂದ ಸಾಯುತ್ತಾಳೆ, ಅವನು ಅವಳ ಹೆಸರಲ್ಲಿ ಗುಡಿ ಕಟ್ಟಿಸುತ್ತಾನೆ. ಹುಡುಗಿ ಸತ್ತು ಹುಡುಗ ದೊಡ್ಡವನಾಗುವ ಕಥೆ ಇನ್ನೊಂದು ಬೇಕೇ? ದೇವಕನ್ಯೆಯ ರೆಕ್ಕೆಬಟ್ಟೆ ಬಚ್ಚಿಟ್ಟ ಸೌದೆ ಕಡಿಯುವವನ ಕಥೆಯನ್ನಂತೂ ಮುಟ್ಟಲೇಬೇಡಿ.

ಜೇಜುವಿನ ಸೆಗ್ಯೊಂಗ್ ಬೊನ್‌ಪುರಿಯ ಜಾಛೊಂಗ್‌ಬಿ ತೆಗೆದುಕೊಳ್ಳಿ. ಗಂಡುವೇಷದಲ್ಲಿ ಸ್ವರ್ಗದ ಹುಡುಗ ಮುನ್ ದೊರ್ಯೊಂಗ್ ಜೊತೆ ಮೂರು ವರ್ಷ ಓದಲು ಹೋಗುತ್ತಾಳೆ. ಮಲಗುವಾಗ ನಡುವೆ ನೀರಿನ ಬೋಗುಣಿ ಇಟ್ಟು, ಅದರ ಅಂಚಿಗೆ ಅಡ್ಡಲಾಗಿ ಊಟದ ಕಡ್ಡಿ ಇಡುತ್ತಾಳೆ. ಕಡ್ಡಿ ಬಿದ್ದರೆ ವಿದ್ಯೆ ಹತ್ತುವುದಿಲ್ಲ ಅಂತ ಹೆದರಿಸುತ್ತಾಳೆ. ಅವನು ರಾತ್ರಿಯೆಲ್ಲ ಅಲುಗಾಡದೆ ನಿದ್ದೆಗೆಟ್ಟು ಪಾಠದಲ್ಲಿ ಹಿಂದೆ ಬೀಳುತ್ತಾನೆ, ಇವಳು ಹಾಯಾಗಿ ಮಲಗಿ ಮೊದಲು ಬರುತ್ತಾಳೆ. ಮುಂದೆ ಅವನ ಮನೆಯವರಿಗಾಗಿ ಕತ್ತಿಯ ಅಲಗಿನ ಸೇತುವೆ ದಾಟುವವಳೂ ಇವಳೇ, ಕೊನೆಗೆ ಬೆಳೆಯ ದೇವತೆಯಾಗುವವಳೂ ಇವಳೇ. ಒಂದು ಬೋಗುಣಿ, ಎರಡು ಕಡ್ಡಿ: ಒಂದಿಡೀ ಅಧ್ಯಾಯದ ಸರಸ.

ಹುಲಿಮೀಸೆ:

ಅಂತ್ಯದ ಮಟ್ಟಿಗೆ ಒಪ್ಪಿದೆ. ಆದರೆ ಗೋಪುರ ಸುತ್ತುವ ರಾತ್ರಿಯನ್ನು ಬಿಡಬೇಡಿ. ಹಾಗೆಯೇ ಆ ಹುಲಿ ಗಾಯಗೊಳಿಸಿದವರಿಗೆಲ್ಲ ಔಷಧಿ ಏನು ಗೊತ್ತೇ? ಅದೇ ಗುಡಿಯ ಸೋಯಾ ಪೇಸ್ಟನ್ನು ಗಾಯಕ್ಕೆ ಹಚ್ಚಿ, ಗುಡಿಯ ಕಹಳೆ ಕೇಳಿಸಬೇಕು. ಸಾಯುವ ಮುಂಚೆ ಔಷಧಿ ಹೇಳಿಹೋದವಳು ಅವಳು.

ಮಸಿಕುಡಿಕೆ:

ತುಣುಕು ಮತ್ತೆ ಬರೆದೆ. ಈಗ 8ನೇ ಅಧ್ಯಾಯದಲ್ಲಿ ಕೂರುತ್ತದೆ, ಇಬ್ಬರೂ ಇನ್ನೂ ‘ನೀವು’.

“ಬೆಚ್ಚನೆಯ ಮೂಲೆಯನ್ನು ಅವಳಿಗೆ ಬಿಟ್ಟು ಅವನು ಬಾಗಿಲ ಬಳಿ ಕೂತ. ‘ಇಸುಲ್,’ ಅಂದ. ಮುಕ್ ತುಂಡು ಕಡ್ಡಿಯಿಂದ ಜಾರಿ ಮತ್ತೆ ಬಟ್ಟಲಿಗೆ ಬಿತ್ತು. ‘ಇಸುಲ್.’ ಅವಳ ಹಿಂದೆ ಲಂಗದ ಅಂಚು ಗಾಳಿಯಿಲ್ಲದೆ ಅಲುಗಿತು. ಎರಡಾಯಿತು. ಹೊರಗೆ ಗಂಟೆ ಶುರುವಾಯಿತು. ಅವನು ಬಾಯಿ ಬಿಗಿಹಿಡಿದು ಇಪ್ಪತ್ತೆಂಟನ್ನೂ ಎಣಿಸಿದ. ‘ಮೂರನೆಯದು?’ ಎಂದಳು. ‘ಊಟ ಮುಗಿಸಿ,’ ಅಂದ.”

ಒಲೆಪಕ್ಕ:

‘ಮುಗಿಸಿ’ ಕೆಲಸ ಮಾಡಿದೆ. ಕಡ್ಡಿಯನ್ನು ಹಿತ್ತಾಳೆ ಕಡ್ಡಿ ಮಾಡಿ, ಮರದ್ದಾದರೆ ಮುಕ್ ಅಷ್ಟು ಸಲೀಸಾಗಿ ಜಾರುವುದಿಲ್ಲ.